ಓದುಗರ ಪ್ರಶ್ನೆ: ಆ ಅಧ್ಯಯನದಲ್ಲಿ ಎಣಿಸಿದ್ದು ಏನನ್ನು?

ಕಿವಿ, ಮಕ್ಕಳ ಹೃದಯ, ಪಿತ್ತನಾಳ: ಈ ಸಲದ ಪತ್ರಗಳು ಹೆಚ್ಚುಕಡಿಮೆ ಇವುಗಳ ಸುತ್ತಲೇ ಇವೆ. ‘ಸಂಶೋಧನೆ ಹೀಗೆ ಹೇಳುತ್ತದಂತೆ, ನಮ್ಮ ಡಾಕ್ಟರು ಹಾಗೆ ಹೇಳುತ್ತಾರೆ, ಯಾವುದನ್ನು ನಂಬಲಿ?’ ಎಂದು ಹಲವರು ಕೇಳಿದ್ದಾರೆ. ಹಾಗಾಗಿ ಉತ್ತರ ಕೊಡುವಾಗ ಆಯಾ ಅಧ್ಯಯನ ಯಾರ ಮೇಲೆ ನಡೆಯಿತು, ಏನನ್ನು ಎಣಿಸಿ ಗೆದ್ದಿತು ಅಥವಾ ಸೋತಿತು ಎಂಬುದನ್ನೂ ಸೇರಿಸಿದ್ದೇವೆ.

ಪ್ರಶ್ನೆ: ಮಗುವಿಗೆ 22 ದಿನ. ಕಣ್ಣಿನ ಹಳದಿ ಇನ್ನೂ ಇಳಿದಿಲ್ಲ. ಹಾಲು ಚೆನ್ನಾಗಿ ಕುಡಿಯುತ್ತಾನೆ, ತೂಕವೂ ಏರುತ್ತಿದೆ. ‘ಎದೆಹಾಲಿನ ಕಾಮಾಲೆ, ಎಳೆಬಿಸಿಲು ತೋರಿಸಿ, ತಾನಾಗಿ ಹೋಗುತ್ತದೆ’ ಎಂದು ಮನೆಯಲ್ಲಿ ಹೇಳುತ್ತಾರೆ. ಕಾಯಬಹುದೇ?

ಉತ್ತರ: ಕಾಯಬೇಡಿ. ಮನೆಯವರು ಹೇಳಿದ್ದು ನಿಜವಿರಲೂಬಹುದು, ಆದರೆ ಅದನ್ನು ಕಣ್ಣಿನಿಂದ ನೋಡಿ ತೀರ್ಮಾನಿಸಲು ಆಗುವುದಿಲ್ಲ. ಹುಟ್ಟಿ 14 ದಿನ ದಾಟಿದ ಮೇಲೂ ಕಾಮಾಲೆ ಉಳಿದಿದ್ದರೆ ಒಂದು ರಕ್ತಪರೀಕ್ಷೆ ಆಗಲೇಬೇಕು. ಒಟ್ಟು ಬಿಲಿರುಬಿನ್ (ಕಾಮಾಲೆಯ ಹಳದಿಗೆ ಕಾರಣವಾದ ವಸ್ತು) ಜೊತೆಗೆ ‘ಡೈರೆಕ್ಟ್ ಬಿಲಿರುಬಿನ್’ (ಯಕೃತ್ತು ಸಂಸ್ಕರಿಸಿ ಪಿತ್ತಕ್ಕೆ ಬಿಡುವ ಭಾಗ) ಕೂಡ ಬೇಕು ಎಂದು ಬಾಯಿಬಿಟ್ಟು ಕೇಳಿ. ಒಟ್ಟು ಬಿಲಿರುಬಿನ್ ಒಂದನ್ನೇ ಮಾಡಿಸಿ ‘7 ಇದೆ, ಪರವಾಗಿಲ್ಲ’ ಎಂದು ಸಮಾಧಾನಪಟ್ಟುಕೊಳ್ಳುವುದೇ ಎಲ್ಲರೂ ಎಡವುವ ಜಾಗ. ಒಟ್ಟು ಎಷ್ಟೇ ಇರಲಿ, ಡೈರೆಕ್ಟ್ ಭಾಗ ಪ್ರತಿ ಡೆಸಿಲೀಟರ್‌ಗೆ 1 ಮಿಲಿಗ್ರಾಂ ದಾಟಿದ್ದರೆ ಪಿತ್ತ ಸರಿಯಾಗಿ ಹರಿಯುತ್ತಿಲ್ಲ ಎಂದು ಹಿಡಿದು ಮುಂದಿನ ತಪಾಸಣೆ ಶುರುಮಾಡಬೇಕು. ಬಿಸಿಲಾಗಲಿ, ಆಸ್ಪತ್ರೆಯ ನೀಲಿ ದೀಪವಾಗಲಿ ಇಳಿಸುವುದು ಇನ್ನೊಂದು ಬಗೆಯ ಬಿಲಿರುಬಿನ್ನನ್ನು ಮಾತ್ರ. ಕಟ್ಟಿಕೊಂಡ ಪಿತ್ತನಾಳದ ಮೇಲೆ ಅವುಗಳಿಂದ ಏನೂ ಆಗದು.

ಬಟ್ಟೆ ಬದಲಿಸುವಾಗ ಎರಡು ವಿಷಯ ಗಮನಿಸಿ. ಎಳೆಮಗುವಿನ ಮೂತ್ರ ನೀರಿನಂತೆ ಇರಬೇಕು, ಬಟ್ಟೆಗೆ ಹಳದಿ ಕಲೆ ಹಿಡಿಯಬಾರದು. ಮಲ ಹಳದಿ, ಸಾಸಿವೆ ಬಣ್ಣ ಅಥವಾ ಹಸಿರು ಇದ್ದರೆ ಸರಿ. ಸುಣ್ಣದಂತೆ ಬಿಳಿ, ಬೂದಿ ಅಥವಾ ಮಾಸಲು ಕೆನೆ ಬಣ್ಣವಿದ್ದರೆ ಸರಿಯಲ್ಲ. ಮಲವನ್ನು ಹಗಲು ಬೆಳಕಲ್ಲಿ ನೋಡಿ. ಹಳದಿ ಬಲ್ಬಿನ ಕೆಳಗೆ ಬಿಳಿಯೂ ಹಳದಿಯಾಗಿ ಕಾಣುತ್ತದೆ. ಡಾಕ್ಟರಿಗೆ ಬಾಯಲ್ಲಿ ವರ್ಣಿಸುವುದಕ್ಕಿಂತ ಆ ಬಟ್ಟೆಯನ್ನೇ ಒಯ್ದು ತೋರಿಸುವುದು ಮೇಲು. ತೈವಾನಿನಲ್ಲಿ 2004ರಿಂದ ದೇಶದಾದ್ಯಂತ ತಾಯಂದಿರ ಕೈಗೆ ಮಲದ ಬಣ್ಣದ ಕಾರ್ಡನ್ನೇ ಕೊಟ್ಟಿದ್ದಾರೆ. ಇದರ ಜೊತೆ ಹೊಕ್ಕುಳಲ್ಲಿ ರಕ್ತ ಜಿನುಗುವುದು, ಚರ್ಮದಲ್ಲಿ ನೀಲಿಗಟ್ಟುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಪಿತ್ತ ಕರುಳಿಗೆ ಇಳಿಯದಿದ್ದರೆ ವಿಟಮಿನ್ ಕೆ ಹೀರಿಕೆಯಾಗುವುದಿಲ್ಲ, ರಕ್ತ ಹೆಪ್ಪುಗಟ್ಟುವುದಿಲ್ಲ.

ಇಷ್ಟು ಅವಸರ ಯಾಕೆ ಎಂದರೆ, ನಾವು ಹೆದರುವುದು ಬಿಲಿಯರಿ ಅಟ್ರೀಸಿಯಾ ಎಂಬ ರೋಗಕ್ಕೆ. ಇದರಲ್ಲಿ ಯಕೃತ್ತಿನ ಹೊರಗಿನ ಪಿತ್ತನಾಳ ಉರಿಯೂತದಿಂದ ಗಾಯದ ಗಂಟಾಗಿ ಮುಚ್ಚಿಹೋಗುತ್ತದೆ. ಜಪಾನಿನ ಶಸ್ತ್ರವೈದ್ಯ ಮೊರಿಯೊ ಕಸಾಯಿ 1959ರಲ್ಲಿ ಪ್ರಕಟಿಸಿದ ಶಸ್ತ್ರಕ್ರಿಯೆಯೇ ಇಂದಿಗೂ ಮೊದಲ ಚಿಕಿತ್ಸೆ. ಮುಚ್ಚಿದ ನಾಳವನ್ನು ಕತ್ತರಿಸಿ ತೆಗೆದು, ಸಣ್ಣ ಕರುಳಿನ ಒಂದು ತುಂಡನ್ನು ಮೇಲೆಳೆದು ಯಕೃತ್ತಿನ ಬಾಗಿಲಿಗೇ ಹೊಲಿಯುತ್ತಾರೆ. ಇದು 60 ದಿನದೊಳಗೆ ಆಗಬೇಕು, 45 ದಿನದೊಳಗಾದರೆ ಇನ್ನೂ ಒಳ್ಳೆಯದು. ತಡವಾದಷ್ಟೂ ಯಕೃತ್ತು ಗಟ್ಟಿಯಾಗಿ, ನಾಳ ಜೋಡಿಸಿದರೂ ಒಳಗಿಂದ ಇಳಿಯಲು ಪಿತ್ತವೇ ಇರುವುದಿಲ್ಲ. ಆಗ ಉಳಿಯುವ ದಾರಿ ಯಕೃತ್ತಿನ ಕಸಿ. ‘ತೂಕ ಏರುತ್ತಿದೆಯಲ್ಲ’ ಎಂಬುದು ಇಲ್ಲಿ ಸುಳ್ಳು ಸಮಾಧಾನ. ಮೊದಲ ಕೆಲವು ವಾರ ಈ ಮಕ್ಕಳು ದಷ್ಟಪುಷ್ಟವಾಗಿಯೇ ಕಾಣುತ್ತಾರೆ.

ಅಮೆರಿಕದ ಟೆಕ್ಸಸ್‌ನಲ್ಲಿ 1,24,385 ನವಜಾತ ಶಿಶುಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನ ಈ ರಕ್ತಪರೀಕ್ಷೆಯ ಬೆಲೆಯನ್ನು ಚೆನ್ನಾಗಿ ತೋರಿಸಿತು. ಹುಟ್ಟಿದ 60 ಗಂಟೆಯೊಳಗೆ ಡೈರೆಕ್ಟ್ ಬಿಲಿರುಬಿನ್ ನೋಡಿದರು, ಹೆಚ್ಚಿದ್ದವರಿಗೆ ಎರಡು ವಾರದ ತಪಾಸಣೆಯಲ್ಲಿ ಮತ್ತೆ ನೋಡಿದರು. ರೋಗವಿದ್ದ 7 ಮಕ್ಕಳೂ ಸಿಕ್ಕರು. ಈ ಪದ್ಧತಿ ಬಂದ ಮೇಲೆ ಕಸಾಯಿ ಶಸ್ತ್ರಕ್ರಿಯೆಯ ಸರಾಸರಿ ವಯಸ್ಸು 56 ದಿನದಿಂದ 36ಕ್ಕೆ ಇಳಿಯಿತು.

ಅಲ್ಟ್ರಾಸೌಂಡ್ ಬರೆದುಕೊಟ್ಟರೆ ಮಗುವನ್ನು ಸುಮಾರು 4 ಗಂಟೆ ಹಾಲಿಲ್ಲದೆ ಇಟ್ಟು ಮಾಡಿಸಿ. ಹಾಲು ಕುಡಿದ ಕೂಡಲೇ ಪಿತ್ತಕೋಶ ಕುಗ್ಗುವುದರಿಂದ ‘ಪಿತ್ತಕೋಶ ಕಾಣುತ್ತಿಲ್ಲ’ ಎಂಬ ವರದಿಗೆ ಅರ್ಥವೇ ಇರುವುದಿಲ್ಲ. ಶಸ್ತ್ರಕ್ರಿಯೆ ಆದ ಮೇಲೆ ಸ್ಟೀರಾಯ್ಡ್ ಕೊಟ್ಟರೆ ಪಿತ್ತ ಚೆನ್ನಾಗಿ ಹರಿಯಬಹುದೆಂಬ ಆಸೆ ಬಹುಕಾಲ ಇತ್ತು. 140 ಶಿಶುಗಳ ಮೇಲೆ ನಡೆದು 2014ರಲ್ಲಿ ಬಂದ ಪ್ರಯೋಗದಲ್ಲಿ, ಆರು ತಿಂಗಳಿಗೆ ಪಿತ್ತ ಹರಿಯುತ್ತಿದ್ದವರು ಸ್ಟೀರಾಯ್ಡ್ ಪಡೆದವರಲ್ಲಿ 58.6%, ಪಡೆಯದವರಲ್ಲಿ 48.6%. ನೋಡಲು ದೊಡ್ಡ ಅಂತರ, ಆದರೆ ಇಷ್ಟು ಸಣ್ಣ ಸಂಖ್ಯೆಯಲ್ಲಿ ಅದು ಆಕಸ್ಮಿಕವೂ ಆಗಿರಬಹುದು. ಎರಡು ವರ್ಷದ ಹೊತ್ತಿಗೆ ಸ್ವಂತ ಯಕೃತ್ತಿನಲ್ಲಿ ಬದುಕಿದ್ದವರ ಪ್ರಮಾಣ ಎರಡೂ ಕಡೆ ಬಹುತೇಕ ಒಂದೇ. ಗಂಭೀರ ಅಡ್ಡಪರಿಣಾಮ ಮಾತ್ರ ಸ್ಟೀರಾಯ್ಡ್ ಪಡೆದವರಲ್ಲಿ ಬೇಗ ಬಂತು.

ಪ್ರಶ್ನೆ: ಮಗಳಿಗೆ ಒಂದೂವರೆ ವರ್ಷ. ಕಿವಿ ನೋವಿಗೆ ಒಬ್ಬ ಡಾಕ್ಟರು ಎರಡು ದಿನ ನೋಡೋಣ ಎಂದರು, ಇನ್ನೊಬ್ಬರು ಕೂಡಲೇ ಹತ್ತು ದಿನದ ಆಂಟಿಬಯಾಟಿಕ್ ಬರೆದರು. ಯಾರದು ಸರಿ?

ಉತ್ತರ: ಇಬ್ಬರೂ ಕಿವಿಯೊಳಗೆ ಏನು ಕಂಡರು ಎಂಬುದರ ಮೇಲಿದೆ. ಜ್ವರ ಬಂದ, ಅತ್ತು ಅತ್ತು ಸುಸ್ತಾದ ಯಾವ ಮಗುವಿನ ಕಿವಿಪೊರೆಯೂ ಕೆಂಪಾಗಿಯೇ ಇರುತ್ತದೆ. ಕೆಂಪು ಸೋಂಕಲ್ಲ. ಪೊರೆಯ ಹಿಂದೆ ಕೀವು ತುಂಬಿ ಅದು ಹೊರಕ್ಕೆ ಉಬ್ಬಿರಬೇಕು. ‘ಪೊರೆ ಉಬ್ಬಿದೆಯಾ ಡಾಕ್ಟ್ರೇ?’ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಕಾದು ನೋಡಬಹುದು ಎಂಬ ಮಾತಿಗೆ ಆಧಾರವಾದ ಹಳೆಯ ಅಧ್ಯಯನಗಳಲ್ಲಿ ಹಲವು ಸಡಿಲವಾದ ರೋಗನಿರ್ಣಯದ ಮೇಲೆ ನಿಂತಿದ್ದವು. ನಿಜವಾಗಿ ಸೋಂಕಿಲ್ಲದ ಮಕ್ಕಳೂ ಸೇರಿಕೊಂಡರೆ ಔಷಧವಿಲ್ಲದೆಯೇ ಎಲ್ಲರೂ ಗುಣವಾದಂತೆ ಕಾಣುವುದು ಸಹಜ. 2011ರಲ್ಲಿ ಫಿನ್‌ಲ್ಯಾಂಡ್ ಮತ್ತು ಅಮೆರಿಕದ ಎರಡು ತಂಡಗಳು ಕಟ್ಟುನಿಟ್ಟಾಗಿ ಆರಿಸಿದ ಪುಟ್ಟ ಮಕ್ಕಳಲ್ಲಿ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಎಂಬ ಆಂಟಿಬಯಾಟಿಕ್ ಮತ್ತು ಹುಸಿ ಔಷಧವನ್ನು (ಔಷಧದಂತೆಯೇ ಕಾಣುವ, ಒಳಗೆ ಔಷಧವಿಲ್ಲದ್ದು) ಹೋಲಿಸಿದವು. ಫಿನ್‌ಲ್ಯಾಂಡಿನ 319 ಮಕ್ಕಳಲ್ಲಿ ಚಿಕಿತ್ಸೆ ಸೋತದ್ದು ಔಷಧ ಪಡೆದವರಲ್ಲಿ 18.6%, ಹುಸಿ ಔಷಧದವರಲ್ಲಿ 44.9%. ಇನ್ನೊಂದು ಮಗ್ಗುಲನ್ನೂ ನೋಡಿ: ಭೇದಿ ಔಷಧ ಪಡೆದವರಲ್ಲಿ 47.8%, ಹುಸಿ ಔಷಧದವರಲ್ಲಿ 26.6%. ಅರ್ಧಕ್ಕಿಂತ ಹೆಚ್ಚು ಮಕ್ಕಳು ಔಷಧವಿಲ್ಲದೆಯೂ ಸುಧಾರಿಸಿದ್ದೂ ಇದೇ ಲೆಕ್ಕದೊಳಗಿದೆ.

ಹಾಗಾಗಿ ನಿಮ್ಮ ಮಗಳ ವಯಸ್ಸಿನಲ್ಲಿ, ಎರಡೂ ಕಿವಿಗೆ ಸೋಂಕಿದ್ದರೆ, ಜ್ವರ 39 ಡಿಗ್ರಿ ಸೆಲ್ಸಿಯಸ್ ಮುಟ್ಟಿದ್ದರೆ, ನೋವು ಜೋರಾಗಿದ್ದರೆ ಅಥವಾ 48 ಗಂಟೆ ದಾಟಿದ್ದರೆ, ಕಿವಿ ಸೋರುತ್ತಿದ್ದರೆ ಆಂಟಿಬಯಾಟಿಕ್ ಶುರುಮಾಡುವುದೇ ಸರಿ. ಒಂದೇ ಕಿವಿ, ಸಣ್ಣ ಜ್ವರ, ಆಟವಾಡಿಕೊಂಡಿದ್ದಾಳೆ ಎಂದಾದರೆ 48ರಿಂದ 72 ಗಂಟೆ ಕಾಯಬಹುದು. ಆದರೆ ಕಾಯುವುದೆಂದರೆ ಮತ್ತೆ ತೋರಿಸುವ ದಿನ ಗೊತ್ತುಮಾಡಿಕೊಂಡು ಕಾಯುವುದು. ಎರಡು ದಾರಿಯಲ್ಲೂ ನೋವಿಗೆ ಔಷಧ ಕೊಡಲೇಬೇಕು. ಪ್ಯಾರಾಸಿಟಮಾಲ್ ಪ್ರತಿ ಕಿಲೋ ತೂಕಕ್ಕೆ 15 ಮಿಲಿಗ್ರಾಂ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. 10 ಕಿಲೋ ಮಗುವಿಗೆ ಒಂದು ಸಲಕ್ಕೆ 150 ಮಿಲಿಗ್ರಾಂ. ಸಿರಪ್ಪು ಬೇರೆ ಬೇರೆ ಸಾಂದ್ರತೆಯಲ್ಲಿ ಬರುತ್ತದೆ. ಬಾಟಲಿಯ ಮೇಲೆ 5 ಮಿಲಿಲೀಟರ್‌ಗೆ ಎಷ್ಟು ಮಿಲಿಗ್ರಾಂ ಎಂದು ಓದದೆ ‘ಒಂದು ಚಮಚ’ ಎಂದು ಹಾಕುವುದರಿಂದಲೇ ಪ್ರಮಾಣ ತಪ್ಪುವುದು. ನೆಗಡಿಯ ಸಿರಪ್ಪಿನಿಂದ ಕಿವಿಗೆ ಪ್ರಯೋಜನವಿಲ್ಲ.

ಹತ್ತು ದಿನವನ್ನು ಐದಕ್ಕೆ ಇಳಿಸಬಹುದೇ ಎಂದೂ ನೋಡಿದ್ದಾರೆ. 6ರಿಂದ 23 ತಿಂಗಳ 520 ಮಕ್ಕಳಲ್ಲಿ ಐದು ದಿನದ ಚಿಕಿತ್ಸೆ ಸೋತದ್ದು 34%, ಹತ್ತು ದಿನದ್ದು 16%. ಇದು 2016ರ ಫಲಿತಾಂಶ, ಎರಡು ವರ್ಷದೊಳಗಿನವರಿಗೆ ಮಾತ್ರ. ಈ ಅಂಕಿಯನ್ನು ಆರು ವರ್ಷದ ಅಣ್ಣನಿಗೆ ಅನ್ವಯಿಸಬೇಡಿ. ದೊಡ್ಡ ಮಕ್ಕಳಿಗೆ ಕಡಿಮೆ ದಿನ ಸಾಕಾಗುತ್ತದೆ. ಕಿವಿಯ ಹಿಂದೆ ಊತ ಬಂದು ಕಿವಿ ಮುಂದಕ್ಕೆ ನೂಕಿದಂತಾದರೆ, ಬಾಯಿ ಒಂದು ಕಡೆಗೆ ಸೊಟ್ಟಗಾದರೆ ಕಾಯುವ ಮಾತೇ ಇಲ್ಲ.

ಪ್ರಶ್ನೆ: ಪದೇ ಪದೇ ಕಿವಿ ಸೋಂಕಾಗುವ ಮಗುವಿಗೆ ಪೊರೆಯಲ್ಲಿ ಗ್ರೊಮೆಟ್ ಎಂಬ ಪುಟ್ಟ ಕೊಳವೆ ಹಾಕಿಸಿದರೆ ಸೋಂಕು ನಿಲ್ಲುತ್ತದೆಯೇ?

ಉತ್ತರ: ನಿಲ್ಲುವುದಿಲ್ಲ. 6ರಿಂದ 35 ತಿಂಗಳ 250 ಮಕ್ಕಳನ್ನು ಎರಡು ವರ್ಷ ಹಿಂಬಾಲಿಸಿದ 2021ರ ಅಧ್ಯಯನದಲ್ಲಿ ವರ್ಷಕ್ಕೆ ಸರಾಸರಿ ಸೋಂಕು ಗ್ರೊಮೆಟ್ ಹಾಕಿದವರಿಗೆ 1.48, ಹಾಕದವರಿಗೆ 1.56. ಪೊರೆಯ ಹಿಂದೆ ಮೂರು ತಿಂಗಳಿಗಿಂತ ಹೆಚ್ಚು ಕಾಲ ನೀರು ನಿಂತು ಕೇಳುವುದು ಕಡಿಮೆಯಾಗಿದ್ದರೆ ಅದು ಬೇರೆ ವಿಷಯ, ಅಲ್ಲಿ ಗ್ರೊಮೆಟ್ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ: ನಮ್ಮ ತಂದೆಗೆ ಪಿತ್ತನಾಳ ಗಟ್ಟಿಯಾಗುವ ರೋಗ, ಪ್ರೈಮರಿ ಸ್ಕ್ಲೀರೋಸಿಂಗ್ ಕೊಲಾಂಜೈಟಿಸ್. ಅರ್ಸೊ ಮಾತ್ರೆಯಿಂದ ರಕ್ತದ ವರದಿ ಸುಧಾರಿಸಿದೆ. ಪ್ರಮಾಣ ಹೆಚ್ಚಿಸಿ ಎಂದರೆ ಡಾಕ್ಟರು ಒಪ್ಪುತ್ತಿಲ್ಲ. ವರದಿ ಚೆನ್ನಾಗಿರುವಾಗ ಇನ್ನಷ್ಟು ಕೊಟ್ಟರೆ ತಪ್ಪೇನು?

ಉತ್ತರ: ಈ ಪ್ರಶ್ನೆಯನ್ನೇ ಪ್ರಯೋಗದಲ್ಲಿ ಕೇಳಿ ಆಗಿದೆ, ಉತ್ತರ ಕಹಿಯಾಗಿದೆ. 150 ರೋಗಿಗಳಲ್ಲಿ ಅರ್ಧ ಜನರಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 28ರಿಂದ 30 ಮಿಲಿಗ್ರಾಂ ಅರ್ಸೊ, ಉಳಿದವರಿಗೆ ಹುಸಿ ಮಾತ್ರೆ ಕೊಟ್ಟು ವರ್ಷಗಟ್ಟಲೆ ನೋಡಿದರು. ಔಷಧ ಪಡೆದವರಲ್ಲಿ ಯಕೃತ್ತಿನ ಕಿಣ್ವಗಳು ಚೆನ್ನಾಗಿ ಇಳಿದವು. ಅದೇ ಹೊತ್ತಿಗೆ ಸಾವು, ಕಸಿಯ ಅಗತ್ಯ, ಸಿರೋಸಿಸ್ (ಯಕೃತ್ತು ಗಾಯಗಟ್ಟಿ ಗಟ್ಟಿಯಾಗುವುದು), ಅನ್ನನಾಳದ ರಕ್ತನಾಳ ಉಬ್ಬುವುದು, ಪಿತ್ತನಾಳದ ಕ್ಯಾನ್ಸರ್ ಇವುಗಳಲ್ಲಿ ಒಂದಾದರೂ ಬಂದವರು ಔಷಧದ ಗುಂಪಿನಲ್ಲಿ 39%, ಹುಸಿ ಮಾತ್ರೆಯ ಗುಂಪಿನಲ್ಲಿ 26%. 2009ರಲ್ಲಿ ಇದು ಪ್ರಕಟವಾಯಿತು. ಕಾಗದದ ಮೇಲಿನ ಅಂಕಿ ಸುಧಾರಿಸುತ್ತಿದ್ದಾಗ ಮನುಷ್ಯರು ಹದಗೆಡುತ್ತಿದ್ದರು.

ಹೃದಯದ ವೈದ್ಯರು ಇದೇ ಪಾಠವನ್ನು ಇಪ್ಪತ್ತು ವರ್ಷ ಮೊದಲೇ ಕಲಿತಿದ್ದರು. ಹೃದಯಾಘಾತದ ನಂತರ ನಡುನಡುವೆ ಬರುವ ತಪ್ಪು ಬಡಿತಗಳನ್ನು ಎನ್‌ಕೆನೈಡ್, ಫ್ಲೆಕೆನೈಡ್ ಎಂಬ ಔಷಧಗಳು ಸೊಗಸಾಗಿ ಅಡಗಿಸುತ್ತಿದ್ದವು. ಇಸಿಜಿ ಸ್ವಚ್ಛ. ‘ಕ್ಯಾಸ್ಟ್’ ಎಂಬ ಪ್ರಯೋಗದಲ್ಲಿ ಬಡಿತ ಬಿಟ್ಟು ಸಾವನ್ನು ಎಣಿಸಿದಾಗ ಔಷಧ ಪಡೆದ 755 ಜನರಲ್ಲಿ 63 ಮಂದಿ, ಹುಸಿ ಔಷಧದ 743ರಲ್ಲಿ 26 ಮಂದಿ ತೀರಿಕೊಂಡಿದ್ದರು. ಪ್ರಯೋಗದ ಈ ಭಾಗವನ್ನು 1989ರಲ್ಲಿ ನಡುವೆಯೇ ನಿಲ್ಲಿಸಬೇಕಾಯಿತು.

ಯಾವುದೇ ಔಷಧದ ಸುದ್ದಿ ಓದುವಾಗ ‘ಏನು ಕಡಿಮೆಯಾಯಿತು?’ ಎಂದು ಹುಡುಕಿ. ಪ್ರಯೋಗಾಲಯದ ಅಂಕಿಯೋ, ಇಲ್ಲಾ ಆಸ್ಪತ್ರೆ ಸೇರುವುದು, ಕಸಿ, ಸಾವು ಇಂಥವೋ? ಮೊದಲನೆಯದಷ್ಟೇ ಬರೆದಿದ್ದರೆ ನಾವಂತೂ ಹಿಗ್ಗುವುದಿಲ್ಲ. ಹಾಗೆಂದು ಇದನ್ನೋದಿ ತಂದೆಯ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಹಾನಿ ಕಂಡದ್ದು ಆ ದೊಡ್ಡ ಪ್ರಮಾಣದಲ್ಲಿ. ಹೆಸರಲ್ಲಿ ಹತ್ತಿರವಿರುವ ಇನ್ನೊಂದು ರೋಗ, ಪ್ರೈಮರಿ ಬಿಲಿಯರಿ ಕೊಲಾಂಜೈಟಿಸ್‌ಗೆ ಇದೇ ಅರ್ಸೊ ಪ್ರತಿ ಕಿಲೋಗೆ ದಿನಕ್ಕೆ 13ರಿಂದ 15 ಮಿಲಿಗ್ರಾಂನಂತೆ ಮೊದಲ ಸಾಲಿನ ಔಷಧ.

ಪ್ರಶ್ನೆ: ಹುಟ್ಟು ಕಿವುಡುತನಕ್ಕೆ ಕಾಕ್ಲಿಯರ್ ಇಂಪ್ಲಾಂಟ್ (ಒಳಕಿವಿಗೆ ಅಳವಡಿಸುವ ಶ್ರವಣ ಸಾಧನ) ಮಾಡಿಸಲು ಹೋದರೆ ಮಗುವಿನ ಇಸಿಜಿ ಕೇಳಿದರು. ಕಿವಿಗೂ ಹೃದಯಕ್ಕೂ ಏನು ಸಂಬಂಧ?

ಉತ್ತರ: ಅಪರೂಪದ, ಆದರೆ ತಪ್ಪಿಸಿಕೊಳ್ಳಬಾರದ ಸಂಬಂಧ. ಒಳಕಿವಿಯ ದ್ರವಕ್ಕೆ ಪೊಟ್ಯಾಸಿಯಂ ತುಂಬುವ ಕಾಲುವೆಯೂ, ಪ್ರತಿ ಬಡಿತದ ನಂತರ ಹೃದಯದ ಸ್ನಾಯುವನ್ನು ಮರಳಿ ಸಿದ್ಧಗೊಳಿಸುವ ಕಾಲುವೆಯೂ ಒಂದೇ. ಕೆಸಿಎನ್‌ಕ್ಯೂ1 ಅಥವಾ ಕೆಸಿಎನ್‌ಇ1 ಜೀನ್‌ನ ಎರಡೂ ಪ್ರತಿ ಕೆಟ್ಟಿದ್ದರೆ ಮಗು ಕಿವುಡಾಗಿ ಹುಟ್ಟುತ್ತದೆ, ಜೊತೆಗೆ ಇಸಿಜಿಯಲ್ಲಿ ಕ್ಯೂಟಿ ಅಂತರ, ಅಂದರೆ ಹೃದಯದ ಕೆಳಕೋಣೆಗಳು ಒಮ್ಮೆ ಮಿಡಿದು ಮರಳಿ ಸಿದ್ಧವಾಗಲು ಹಿಡಿಯುವ ಸಮಯ, ಉದ್ದವಾಗಿರುತ್ತದೆ. ಜೆರ್ವೆಲ್ ಮತ್ತು ಲಾಂಗೆ-ನೀಲ್ಸೆನ್ 1957ರಲ್ಲಿ ನಾರ್ವೆಯ ಒಂದು ಕುಟುಂಬದಲ್ಲಿ ಇದನ್ನು ಗುರುತಿಸಿದರು. ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಸಂಭವ ಹೆಚ್ಚು.

ಯಂತ್ರ ಅಚ್ಚು ಹಾಕಿದ ಕ್ಯೂಟಿ ಅಂಕಿಯನ್ನು ಹಾಗೇ ಓದಿದರೆ ಮೋಸಹೋಗುತ್ತೀರಿ. ಎರಡು ಬಡಿತಗಳ ನಡುವಿನ ಅಂತರದ ವರ್ಗಮೂಲದಿಂದ ಅದನ್ನು ಭಾಗಿಸಬೇಕು. ಕ್ಯೂಟಿ 0.44 ಸೆಕೆಂಡ್, ಬಡಿತದ ಅಂತರ 0.64 ಸೆಕೆಂಡ್ ಎಂದುಕೊಳ್ಳಿ. 0.64ರ ವರ್ಗಮೂಲ 0.8. 0.44 ಭಾಗಿಸು 0.8 ಎಂದರೆ 0.55, ಅಂದರೆ 550 ಮಿಲಿಸೆಕೆಂಡ್. ಮೇಲ್ನೋಟಕ್ಕೆ ಸಹಜವೆನಿಸಿದ 440 ನಿಜಕ್ಕೂ ಅಪಾಯದ ಅಂಕಿ. ಈ ಮಕ್ಕಳಲ್ಲಿ ತಿದ್ದಿದ ಕ್ಯೂಟಿ ಸಾಮಾನ್ಯವಾಗಿ 500 ದಾಟಿರುತ್ತದೆ.

ಓಡುವಾಗ, ಹೆದರಿದಾಗ ಅಥವಾ ಸಿಟ್ಟಿನಲ್ಲಿ ಬಡಿತ ತಪ್ಪಿ ಮಗು ಕುಸಿದು ಬೀಳುತ್ತಿದ್ದರೆ ಅದನ್ನು ಮೂರ್ಛೆರೋಗವೆಂದು ಭಾವಿಸಿ ವರ್ಷಗಟ್ಟಲೆ ಅದರ ಔಷಧ ಕೊಡುವುದುಂಟು. ಅರಿವಳಿಕೆಗೆ ಮೊದಲೇ ಗೊತ್ತಾದರೆ ಬೀಟಾ ಬ್ಲಾಕರ್ (ಹೃದಯದ ಮೇಲಿನ ಉದ್ವೇಗದ ಪ್ರಭಾವ ತಗ್ಗಿಸುವ ಔಷಧ) ಶುರುಮಾಡಿ, ಕ್ಯೂಟಿ ಉದ್ದ ಮಾಡುವ ಔಷಧಗಳನ್ನು ಬಿಟ್ಟು, ಹೃದಯತಜ್ಞರ ಎದುರಲ್ಲೇ ಇಂಪ್ಲಾಂಟ್ ಮಾಡಬಹುದು. ಒಂದು ಇಸಿಜಿಗೆ ಹತ್ತು ನಿಮಿಷವೂ ಬೇಡ, ಮಾಡಿಸಿಬಿಡಿ.

ಪ್ರಶ್ನೆ: ಮಗನಿಗೆ ಕವಾಸಾಕಿ ರೋಗವೆಂದು ಇಮ್ಯುನೊಗ್ಲಾಬ್ಯುಲಿನ್ (ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳು) ಕೊಟ್ಟರು. ಈಗ ಜ್ವರವಿಲ್ಲ. ಆದರೂ ಆಸ್ಪಿರಿನ್ ಮುಂದುವರಿಸಿ, ದಡಾರದ ಲಸಿಕೆ ಮುಂದಕ್ಕೆ ಹಾಕಿ ಎನ್ನುತ್ತಾರೆ. ಯಾಕೆ?

ಉತ್ತರ: ಕವಾಸಾಕಿ ಎಂದರೆ ಜ್ವರದ ಜೊತೆ ಮಕ್ಕಳ ರಕ್ತನಾಳಗಳು ಊದಿಕೊಳ್ಳುವ ರೋಗ. ಜ್ವರ ಹೋದರೂ ಹೃದಯಕ್ಕೆ ರಕ್ತ ಒಯ್ಯುವ ಪರಿಧಮನಿಗಳ ಊತ ಹೋಗಿದೆ ಎಂದಲ್ಲ. ಈ ರೋಗದಲ್ಲಿ ಎಣಿಸಬೇಕಾದದ್ದು ಜ್ವರವನ್ನಲ್ಲ, ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಕಾಣುವ ರಕ್ತನಾಳದ ಉಬ್ಬನ್ನು. 1986ರ ಪ್ರಯೋಗದಲ್ಲಿ ಏಳನೇ ವಾರ ನೋಡಿದಾಗ ಬರೀ ಆಸ್ಪಿರಿನ್ ಪಡೆದವರಲ್ಲಿ ಸುಮಾರು 18%, ಇಮ್ಯುನೊಗ್ಲಾಬ್ಯುಲಿನ್ ಕೂಡ ಪಡೆದವರಲ್ಲಿ ಸುಮಾರು 4% ಮಕ್ಕಳ ಪರಿಧಮನಿ ಕೆಟ್ಟಿತ್ತು. ಆಗ ನಾಲ್ಕು ದಿನ ಹಂಚಿ ಕೊಡುತ್ತಿದ್ದರು. ಪ್ರತಿ ಕಿಲೋಗೆ 2 ಗ್ರಾಂ ಒಂದೇ ಸಲ ಕೊಡುವುದು ಇನ್ನೂ ಒಳ್ಳೆಯದೆಂದು 1991ರಲ್ಲಿ ಗೊತ್ತಾಯಿತು. ಜ್ವರ ಶುರುವಾದ 10 ದಿನದೊಳಗೆ ಕೊಡಬೇಕು.

ಈಗ ಕೊಡುತ್ತಿರುವ ಸಣ್ಣ ಪ್ರಮಾಣದ ಆಸ್ಪಿರಿನ್, ಪ್ರತಿ ಕಿಲೋಗೆ ದಿನಕ್ಕೆ 3ರಿಂದ 5 ಮಿಲಿಗ್ರಾಂ, ರಕ್ತ ಹೆಪ್ಪುಗಟ್ಟದಿರಲಿ ಎಂದು. ಆರರಿಂದ ಎಂಟು ವಾರಕ್ಕೆ ಎಕೋ ಸರಿಯಿದ್ದರೆ ನಿಲ್ಲಿಸುತ್ತಾರೆ. ಈ ಅವಧಿಯಲ್ಲಿ ಐಬುಪ್ರೊಫೆನ್ ಕೊಡಬೇಡಿ, ಅದು ಆಸ್ಪಿರಿನ್ನಿನ ಕೆಲಸಕ್ಕೆ ಅಡ್ಡಬರುತ್ತದೆ. ಚಿಕನ್‌ಪಾಕ್ಸ್ ಅಥವಾ ಫ್ಲೂ ಇರುವವರ ಹತ್ತಿರ ಹೋಗಿದ್ದರೆ ಕೂಡಲೇ ತಿಳಿಸಿ, ಆಸ್ಪಿರಿನ್ ಜೊತೆ ಈ ಸೋಂಕು ಸೇರಿದರೆ ಮೆದುಳು, ಯಕೃತ್ತಿಗೆ ಅಪಾಯ. ಇನ್ನು ಲಸಿಕೆ: ಕೊಟ್ಟ ಇಮ್ಯುನೊಗ್ಲಾಬ್ಯುಲಿನ್‌ನಲ್ಲಿ ಸಾವಿರಾರು ದಾನಿಗಳ ಪ್ರತಿಕಾಯಗಳಿವೆ. ದಡಾರ, ಚಿಕನ್‌ಪಾಕ್ಸ್‌ನ ಜೀವಂತ ಲಸಿಕೆಯ ವೈರಸ್ಸನ್ನು ಅವೇ ಮುಗಿಸಿಬಿಡುವುದರಿಂದ ಲಸಿಕೆ ವ್ಯರ್ಥ. 11 ತಿಂಗಳು ಬಿಟ್ಟು ಹಾಕಿಸಿ. ಉಳಿದ ಜೀವಂತವಲ್ಲದ ಲಸಿಕೆಗಳನ್ನು ಮುಂದೂಡುವ ಅಗತ್ಯವಿಲ್ಲ.

ಮೊದಲೇ ಸ್ಟೀರಾಯ್ಡ್ ಯಾಕೆ ಕೊಡಲಿಲ್ಲ ಎಂದೂ ನೀವು ಕೇಳಿದ್ದೀರಿ. ಜಪಾನಿನ 2012ರ ಅಧ್ಯಯನದಲ್ಲಿ ಸ್ಟೀರಾಯ್ಡ್ ಸೇರಿಸಿದಾಗ ಪರಿಧಮನಿ ತೊಂದರೆ 23%ರಿಂದ 3%ಕ್ಕೆ ಇಳಿದದ್ದು ನಿಜ. ಆದರೆ ಅಲ್ಲಿ ಸೇರಿಸಿಕೊಂಡದ್ದು ಹೆಚ್ಚು ಅಪಾಯದಲ್ಲಿದ್ದ ಮಕ್ಕಳನ್ನು ಮಾತ್ರ. ಅವರನ್ನು ಆರಿಸಿದ ಅಂಕಪಟ್ಟಿ ಜಪಾನಿನ ಹೊರಗೆ ಅಷ್ಟು ಚೆನ್ನಾಗಿ ಕೆಲಸ ಮಾಡುವುದಿಲ್ಲ.

ಪ್ರಶ್ನೆ: ಪಿತ್ತನಾಳದ ಕಲ್ಲು ತೆಗೆಯಲು ಇಆರ್‌ಸಿಪಿ (ಬಾಯಿಯ ಮೂಲಕ ಕೊಳವೆ ಇಳಿಸಿ ಪಿತ್ತನಾಳಕ್ಕೆ ಮಾಡುವ ಚಿಕಿತ್ಸೆ) ಮಾಡುವಾಗ ಗುದದ್ವಾರದಲ್ಲಿ ಮಾತ್ರೆ ಇಟ್ಟರಂತೆ. ಏತಕ್ಕೆ?

ಉತ್ತರ: ಅದು ಇಂಡೊಮೆಥಾಸಿನ್, ಊತ ತಗ್ಗಿಸುವ ನೋವಿನ ಔಷಧ. ಪಿತ್ತನಾಳವೂ ಮೇದೋಜೀರಕ ನಾಳವೂ ಕರುಳಿಗೆ ತೆರೆಯುವ ಬಾಯಿ ಒಂದೇ ಆದ್ದರಿಂದ ಅಲ್ಲಿ ಕೈಯಾಡಿಸಿದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳಬಹುದು. 602 ಜನರ 2012ರ ಪ್ರಯೋಗದಲ್ಲಿ 100 ಮಿಲಿಗ್ರಾಂ ಇಟ್ಟವರಲ್ಲಿ ಇದು 9.2%, ಇಡದವರಲ್ಲಿ 16.9%. ಮೂತ್ರಪಿಂಡ ದುರ್ಬಲವಾಗಿದ್ದರೆ, ಹುಣ್ಣಿನಿಂದ ರಕ್ತ ಹೋಗುತ್ತಿದ್ದರೆ, ನೋವಿನ ಮಾತ್ರೆಗೆ ಅಲರ್ಜಿಯಿದ್ದರೆ ಮೊದಲೇ ಹೇಳಬೇಕು. ಮನೆಗೆ ಬಂದ ಮೇಲೆ ಬೆನ್ನಿಗೆ ಹರಿಯುವ ಹೊಟ್ಟೆನೋವು, ವಾಂತಿ, ಚಳಿಜ್ವರ ಬಂದರೆ ಆ ರಾತ್ರಿಯೇ ಮರಳಿ.

ಪ್ರಶ್ನೆ: ನಮ್ಮ ಮಗುವನ್ನು ಒಂದು ಕ್ಲಿನಿಕಲ್ ಟ್ರಯಲ್‌ಗೆ ಸೇರಿಸಲು ಕೇಳುತ್ತಿದ್ದಾರೆ. ಸಹಿ ಹಾಕುವ ಮೊದಲು ಏನು ಕೇಳಬೇಕು?

ಉತ್ತರ: ಮೊದಲು, ಸೇರದಿದ್ದರೆ ಮಗುವಿಗೆ ಸಿಗುವ ಚಿಕಿತ್ಸೆ ಏನು ಎಂದು ಕೇಳಿ. ಅದನ್ನು ತಿಳಿಯದೆ ಉಳಿದದ್ದನ್ನು ತೂಗಲು ಆಗುವುದಿಲ್ಲ. ಯಾವ ಗುಂಪು ಎಂಬುದು ಚೀಟಿ ಎತ್ತಿದಂತೆ ನಿರ್ಧಾರವಾಗುತ್ತದೆ, ಡಾಕ್ಟರಿಗೂ ಅದರ ಮೇಲೆ ಹಿಡಿತವಿರುವುದಿಲ್ಲ. ಹುಸಿ ಔಷಧ ಬಂದರೆ ಅದರ ಜೊತೆ ಮಾಮೂಲಿ ಚಿಕಿತ್ಸೆ ಮುಂದುವರಿಯುತ್ತದೆಯೇ ಎಂದು ಸ್ಪಷ್ಟಪಡಿಸಿಕೊಳ್ಳಿ. ಮಾಮೂಲಿಗಿಂತ ಹೆಚ್ಚು ರಕ್ತ ಎಷ್ಟು ಸಲ, ಎಷ್ಟು ಮಿಲಿಲೀಟರ್ ತೆಗೆಯುತ್ತಾರೆ, ಉಳಿದ ರಕ್ತವನ್ನು ಮುಂದೆ ಜೀನ್ ಪರೀಕ್ಷೆಗೆ ಇಟ್ಟುಕೊಳ್ಳುತ್ತಾರೆಯೇ, ಹಾನಿಯಾದರೆ ಚಿಕಿತ್ಸೆಯ ಖರ್ಚು ಯಾರದು ಎಂಬುದು ಒಪ್ಪಿಗೆ ಪತ್ರದಲ್ಲಿ ಬರೆದಿರಬೇಕು. ಬಾಯಿಮಾತು ಸಾಲದು.

ಪತ್ರವನ್ನು ಮನೆಗೆ ಒಯ್ದು ಓದಲು ಕೇಳಿ. ‘ಈಗಲೇ ಸಹಿ ಮಾಡಿ’ ಎಂಬ ಅವಸರ ತುರ್ತು ಚಿಕಿತ್ಸೆಯ ಪ್ರಯೋಗಗಳಿಗೆ ಮಾತ್ರ ಒಪ್ಪುತ್ತದೆ. ತಿಳಿವಳಿಕೆ ಬಂದ ಮಗುವಾದರೆ ಅದರ ಒಪ್ಪಿಗೆಯನ್ನೂ ಪಡೆಯಬೇಕು. ಯಾವಾಗ ಬೇಕಾದರೂ ಹೊರಬರಬಹುದು, ಹೊರಬಂದರೆ ಮಾಮೂಲಿ ಚಿಕಿತ್ಸೆಗೆ ಕುಂದು ಬರಬಾರದು. ಆದರೆ ಔಷಧವನ್ನು ತಟ್ಟನೆ ನಿಲ್ಲಿಸಬಹುದೇ, ಮೆಲ್ಲಗೆ ಇಳಿಸಬೇಕೇ ಎಂದು ಸೇರುವಾಗಲೇ ಕೇಳಿಟ್ಟುಕೊಳ್ಳಿ. ಸ್ಟೀರಾಯ್ಡ್, ಬೀಟಾ ಬ್ಲಾಕರ್ ಇಂಥವನ್ನು ದಿಢೀರ್ ಬಿಡುವುದು ಅಪಾಯ.

ಸಹಿ ಹಾಕಿದ ಪತ್ರದ ಒಂದು ಪ್ರತಿ, ಪ್ರಯೋಗದ ನೋಂದಣಿ ಸಂಖ್ಯೆ, ಹಗಲುರಾತ್ರಿ ಸಿಗುವ ಫೋನ್ ನಂಬರು ಇವು ಮಗುವಿನ ಫೈಲಿನಲ್ಲಿ ಮೇಲೆಯೇ ಇರಲಿ. ಮಧ್ಯರಾತ್ರಿ ಬೇರೆ ಆಸ್ಪತ್ರೆಗೆ ಓಡಬೇಕಾಗಿ ಬಂದರೆ ಅಲ್ಲಿನ ಡಾಕ್ಟರಿಗೆ ಮೊದಲು ಆ ನಂಬರು ತೋರಿಸಿ. ಮಗುವಿಗೆ ಸಿಗುತ್ತಿರುವುದು ಔಷಧವೋ ಹುಸಿ ಔಷಧವೋ ಎಂಬ ಗುಟ್ಟನ್ನು ತುರ್ತಿನಲ್ಲಿ ಬಿಚ್ಚಲು ಪ್ರಯೋಗದವರು ವ್ಯವಸ್ಥೆ ಮಾಡಿಟ್ಟಿರುತ್ತಾರೆ, ಕೇಳಿದರೆ ಹೇಳುತ್ತಾರೆ.